ಹಲವು ಬಾಯಿ, ಒಂದೇ ವಿಳಾಸ

ಜನವರಿ 9

ಅಕ್ಕಾ,

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಎರಡನೆಯ ನಿಮಿಷಕ್ಕೇ ಜಗಳಕ್ಕೆ ಬೀಳುತ್ತೇವೆ, ಬರೆದರೆ ಮಾತ್ರ ಮನುಷ್ಯರ ಹಾಗಿರುತ್ತೇವೆ ಎಂದು ನೀನೇ ತೀರ್ಮಾನ ಕೊಟ್ಟಿದ್ದೀಯ. ಸರಿ, ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಮತ್ತೆ ಬೈಯಬೇಡ.

ನನ್ನ ಕೆಲಸ ಏನೆಂದು ಭಾವ ಕೇಳಿದರೆ ನೀನು 'ಏನೋ ಕಂಪ್ಯೂಟರಿನಲ್ಲಿ ಬರೀತಾನೆ' ಎಂದು ಹೇಳಿ ಕೈ ತೊಳೆದುಕೊಂಡೆಯಂತೆ. ಹಾಗಾದರೆ ಕೇಳು, ಅವರಿಗೂ ಓದಿ ಹೇಳು. ಒಬ್ಬ ಹಾಸಿಗೆ ಅಂಗಡಿಯವನಿದ್ದಾನೆ. ಜನ ಮೊಬೈಲಿನಲ್ಲಿ ಹಾಸಿಗೆ ಹುಡುಕಿದಾಗ ಅವನ ಅಂಗಡಿಯೇ ಮೊದಲು ಕಾಣಬೇಕು. ಯಾರನ್ನು ಮೊದಲು ತೋರಿಸಬೇಕು ಎಂದು ಹುಡುಕುವ ಯಂತ್ರ ಹೇಗೆ ನಿರ್ಧಾರ ಮಾಡುತ್ತದೆ? ಬೇರೆಯವರು ಎಷ್ಟು ಜನ ಅವನ ಕಡೆ ಬೆರಳು ತೋರಿಸುತ್ತಿದ್ದಾರೆ ಎಂದು ನೋಡುತ್ತದೆ. ಬೇರೆ ಬೇರೆ ಸೈಟುಗಳಲ್ಲಿ ಬರಹದ ನಡುವೆ ನೀಲಿ ಬಣ್ಣದ ಮಾತಿರುತ್ತದಲ್ಲ, ಒತ್ತಿದರೆ ಇನ್ನೊಂದು ಕಡೆ ಕರೆದುಕೊಂಡು ಹೋಗುತ್ತದೆ, ಅದೇ ಆ ಬೆರಳು. ಅಂಥ ಬೆರಳುಗಳನ್ನು ಹುಟ್ಟಿಸುವುದೇ ನಮ್ಮ ಆಫೀಸಿನ ಕೆಲಸ. ಅಡುಗೆಯದು, ಪ್ರವಾಸದ್ದು, ಆರೋಗ್ಯದ್ದು ಎಂದು ನಾವೇ ನಡೆಸುವ ಸಣ್ಣಪುಟ್ಟ ಸೈಟುಗಳಿವೆ. ಯಾರೋ ಮನೆಯಲ್ಲಿ ಕೂತು ಬರೆದ ಹಾಗೆ ಬರೆದು, ನಡುವೆ ಒಂದು ನೀಲಿ ಮಾತು ಸಿಕ್ಕಿಸುತ್ತೇವೆ.

ಸೂಕ್ಷ್ಮ ಇರುವುದು ಆ ನೀಲಿ ಮಾತಿನಲ್ಲಿ. ಎಲ್ಲ ಕಡೆ 'ಒಳ್ಳೆಯ ಹಾಸಿಗೆ' ಎಂದೇ ಬರೆದರೆ ಯಂತ್ರಕ್ಕೆ ಅನುಮಾನ ಬರುತ್ತದೆ. ಸಾಕ್ಷಿಗಳೆಲ್ಲ ಒಂದೇ ವಾಕ್ಯ ಒಪ್ಪಿಸಿದರೆ ಜಡ್ಜಿಗೆ ಅನುಮಾನ ಬರುವುದಿಲ್ಲವೇ, ಹಾಗೆ. ಆದ್ದರಿಂದ ಒಂದು ಕಡೆ ಅಂಗಡಿಯ ಹೆಸರು, ಒಂದು ಕಡೆ ಬರೀ ವಿಳಾಸ, ಒಂದು ಕಡೆ 'ಇಲ್ಲಿ ನೋಡಿ', ಮತ್ತೊಂದು ಕಡೆ 'ಬೆನ್ನು ಹಿಡ್ಕೊಂಡಾಗ ನಾನು ತಗೊಂಡಿದ್ದು'. ಹಲವು ಬಾಯಿ ಇರಬೇಕು, ಒಂದೇ ವಿಳಾಸಕ್ಕೆ ಕಳಿಸಬೇಕು. ನಮ್ಮ ಮೇಲಿನವನೊಬ್ಬ ಇದ್ದಾನೆ, ಎಲ್ಲರ ಬರಹವನ್ನೂ ಸೋಸುತ್ತಾನೆಂದು ಅವನಿಗೆ ಜರಡಿ ಎಂದು ಹೆಸರಿಟ್ಟಿದ್ದೇವೆ. ಅವನ ತಕರಾರು ಒಂದೇ: ನಿಮ್ಮ ಬಾಯಿಗಳೆಲ್ಲ ಓದಿದವರ ಬಾಯಿ, ಜನ ಹೀಗೆ ಮಾತಾಡುವುದಿಲ್ಲ.

ನಿನ್ನ ಅಂಗಡಿಗೆ ಬಟ್ಟೆ ಸರಿಮಾಡಿಸಲು ದಿನವೂ ಎಂತೆಂಥವರೋ ಬರುತ್ತಾರಲ್ಲ. ಅವರು ಬೆನ್ನುನೋವಿನ ಬಗ್ಗೆ, ನಿದ್ದೆಯ ಬಗ್ಗೆ ಹೇಗೆ ಮಾತಾಡುತ್ತಾರೋ ಹಾಗೇ ಬರೆದು ಕಳಿಸುತ್ತೀಯಾ?

ನಿನ್ನ ತಮ್ಮ

ಜನವರಿ 20

ತಮ್ಮಾ,

ಅಂತೂ ಸುಳ್ಳು ಹೇಳುವುದಕ್ಕೂ ಸಂಬಳ ಕೊಡುವವರಿದ್ದಾರೆ ಎಂದಾಯಿತು. ಚಿಕ್ಕಂದಿನಲ್ಲಿ ನೀನು ಪುಕ್ಕಟೆಯಾಗಿ ಹೇಳುತ್ತಿದ್ದೆ.

ಇವರಿಗೆ ಓದಿ ಹೇಳಿದೆ. ಲಿಫ್ಟ್ ರಿಪೇರಿಯ ಗ್ರೀಸು ಮೆತ್ತಿದ ಕೈಯನ್ನು ಸೋಪಿಗೆ ಉಜ್ಜುತ್ತಾ ಪೂರ್ತಿ ಕೇಳಿಸಿಕೊಂಡರು. 'ಅಂದ್ರೆ ನಮ್ಮ ಹುಡುಗ ಸಾಹಿತಿ ಆದ ಅನ್ನು' ಎಂದರು. ಇನ್ನು ಮುಂದೆ ನಿನಗೆ ಈ ಮನೆಯಲ್ಲಿ ಅದೇ ಹೆಸರು.

ನಿನ್ನ ಹಾಸಿಗೆಗೆ ಬೇಕಾದದ್ದು: 'ಮಲಗಿದ್ರೆ ಎದ್ದೇಳೋಕೆ ಮನಸ್ಸಾಗಲ್ಲ', 'ಸೊಂಟ ಕಿತ್ಕೊಂಡು ಬರ್ತಿತ್ತು, ಈಗ ಪರವಾಗಿಲ್ಲ', 'ನಮ್ಮ ಅತ್ತೇನೂ ಬಾಯಿ ಮುಚ್ಕೊಂಡು ಮಲಗಿದ್ರು'. ಕೊನೆಯದು ಕೋಟಿನ ತೋಳು ಗಿಡ್ಡ ಮಾಡಿಸಲು ಬಂದಿದ್ದ ಟೀಚರಮ್ಮನದು. ಅವರ ಮುಂದೆ ನಾನು ಬರೆದುಕೊಳ್ಳಲಿಲ್ಲ, ಹೋದ ಮೇಲೆ ಬರೆದೆ. ಯಾಕೋ ಕದ್ದ ಹಾಗೆ ಅನಿಸಿತು.

ನಿನ್ನ ಅಕ್ಕ

ಫೆಬ್ರವರಿ 6

ಅಕ್ಕಾ,

ಟೀಚರಮ್ಮನ ಅತ್ತೆಯನ್ನು ಓದಿ ಜರಡಿ ಮೊದಲ ಸಲ ನಕ್ಕ. 'ಇದರಲ್ಲಿ ಉಪ್ಪು ಖಾರ ಇದೆ, ಯಾರು ಬರೆದಿದ್ದು?' ಎಂದು ಕೇಳಿದ. ನಾನೇ ಎಂದೆ, ಕ್ಷಮಿಸಿಬಿಡು. ಹಾಸಿಗೆಯವನು ಮೊದಲ ಪುಟಕ್ಕೆ ಬಂದ. ನನ್ನನ್ನು ಕಿಟಕಿಯ ಪಕ್ಕದ ಮೇಜಿಗೆ ಕೂರಿಸಿದ್ದಾರೆ. ಅಂದರೆ ಆಫೀಸಿನಲ್ಲಿ ನನಗೊಂದು ಬೆಲೆ ಬಂತು ಎಂದರ್ಥ.

ಈಗ ದೊಡ್ಡ ಗಿರಾಕಿ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ವಾಸಿ ಮಾಡುವ ಚಿಕಿತ್ಸಾ ಕೇಂದ್ರ, ಆಪರೇಷನ್ ಇಲ್ಲದೆ. ಹೆಸರು ಹೊರಗೆ ಹೇಳುವ ಹಾಗಿಲ್ಲ, ಸೇರುವಾಗಲೇ ಸಹಿ ಹಾಕಿಸಿಕೊಂಡಿದ್ದಾರೆ. ನಮ್ಮ ಭಾಷೆಯಲ್ಲಿ ಈ ವಿಷಯದ ಮೇಲೆ ಬರೆದವರೇ ಕಡಿಮೆ. ಜನ ಕೇಳುವ ಮಾತಿಗೆ ಸರಿಯಾಗಿ ನಾವು ನೀಲಿ ಮಾತು ಇಟ್ಟರೆ ಮೈದಾನ ಖಾಲಿ ಇದೆ ಎನ್ನುತ್ತಾನೆ ಜರಡಿ. ಕಾಲಿನ ಗಾಯದವರು ಹೇಗೆ ಮಾತಾಡುತ್ತಾರೆ, ಏನೆಂದು ಕೇಳುತ್ತಾರೆ? ಮನೆಯಲ್ಲೇ ಒಬ್ಬರು ಸಕ್ಕರೆಯವರಿದ್ದಾರಲ್ಲ, ಭಾವನನ್ನೇ ಕೇಳು. ಈ ಸಲ ಜಾಸ್ತಿ ಬೇಕು, ಒಂದರ ಹಾಗೆ ಒಂದಿರಬಾರದು.

ತಮ್ಮ

ಫೆಬ್ರವರಿ 18

ತಮ್ಮಾ,

ಊಟದ ಮೇಜಿನಲ್ಲಿ ಇದೇ ಆಟವಾಯಿತು. ಇವರು ಒಂದೊಂದು ಹೇಳುವುದು, ನಾನು ಬಿಲ್ಲಿನ ಹಿಂದೆ ಗೀಚಿಕೊಳ್ಳುವುದು. 'ಗಾಯ ಮಾಯ್ತಾನೇ ಇಲ್ಲ', 'ಬೆರಳು ಕಪ್ಪಾಗ್ತಿದೆ, ಭಯ ಆಗ್ತಿದೆ', 'ಕಾಲು ಹೋದ್ರೆ ಕೆಲಸ ಹೋಯ್ತು'. ನೀವಾದರೆ ಫೋನಿನಲ್ಲಿ ಹೇಗೆ ಹುಡುಕುತ್ತೀರಿ ಎಂದು ಕೊನೆಗೆ ಕೇಳಿದೆ. ಇವರಿಗೆ ಒತ್ತಿ ಬರೆಯಲು ಬೇಸರ, ಫೋನನ್ನು ಬಾಯಿಯ ಹತ್ತಿರ ಹಿಡಿದು ಆಫೀಸರನ್ನು ಕೇಳಿದ ಹಾಗೆ ಕೇಳುತ್ತಾರೆ: 'ಸ್ವಾಮಿ, ಕಾಲು ಕೊಯ್ಯದೆ ವಾಸಿ ಮಾಡೋರು ಯಾರಾದ್ರೂ ಇದಾರಾ?' ಹೊಟ್ಟೆ ಹಿಡಿದುಕೊಂಡು ನಕ್ಕೆವು. 'ಸ್ವಾಮಿ' ಬೇಡ ಎಂದರೆ ತೆಗೆದುಹಾಕು.

ನಕ್ಕ ಮೇಲೆ ಒಂದು ವಿಷಯ. ಕೆಲಸದ ಕಡೆ ಇವರಿಗೆ ಹೊಸ ಬೂಟು ಕೊಟ್ಟಿದ್ದಾರೆ, ಮುಂದೆ ಕಬ್ಬಿಣದ ಟೊಪ್ಪಿ ಇರುವಂಥದ್ದು. ಬಲಗಾಲಿನ ಕಿರುಬೆರಳಿನಲ್ಲಿ ಬೊಕ್ಕೆ ಎದ್ದಿದೆ. ಇವರಿಗೆ ನೋವೇ ಗೊತ್ತಾಗುತ್ತಿಲ್ಲ, ಕಾಲುಚೀಲಕ್ಕೆ ಅಂಟಿಕೊಂಡಾಗ ನಾನೇ ನೋಡಿದೆ. ಡಾಕ್ಟರಿಗೆ ತೋರಿಸಿ ಎಂದರೆ, ಬೂಟು ಪಳಗಲಿ ಎನ್ನುತ್ತಾರೆ.

ನೀನು ಬರೆಯುವ ಆ ಜಾಗ ಒಳ್ಳೆಯದೇ ತಾನೆ? ಅಲ್ಲಿಗೆ ಹೋದವರು ಯಾರನ್ನಾದರೂ ನೀನು ನೋಡಿದ್ದೀಯಾ?

ಅಕ್ಕ

ಏಪ್ರಿಲ್ 11

ತಮ್ಮಾ,

ಹೋದ ಪತ್ರಕ್ಕೆ ನಿನ್ನಿಂದ ಉತ್ತರವೇ ಬರಲಿಲ್ಲ. ಕೆಲಸ ಜಾಸ್ತಿಯಿರಬೇಕು ಎಂದುಕೊಂಡೆ. ನಾನೂ ಬರೆಯುವ ಸ್ಥಿತಿಯಲ್ಲಿರಲಿಲ್ಲ.

ಬೊಕ್ಕೆ ಹುಣ್ಣಾಯಿತು, ಹುಣ್ಣು ಕಪ್ಪಾಯಿತು. ಕೊನೆಗೆ ಎಳೆದುಕೊಂಡು ದೊಡ್ಡಾಸ್ಪತ್ರೆಗೆ ಹೋದೆ. ಅಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ನೇರ ಮಾತು. 'ಕಿರುಬೆರಳು ತೆಗೀಬೇಕು. ಈಗ ತೆಗೆದ್ರೆ ಬೆರಳಿಗೇ ಮುಗಿಯುತ್ತೆ. ತಡ ಮಾಡಿದ್ರೆ ಎಲ್ಲಿವರೆಗೆ ಹೋಗುತ್ತೋ ನಾನು ಹೇಳಲಾರೆ' ಎಂದರು. ಇವರು ತಲೆಯಾಡಿಸಿ ಎದ್ದು ಬಂದರು. ಹೊರಗೆ ಬಂದ ಮೇಲೆ ಶುರುವಾಯಿತು. ಲಿಫ್ಟಿನ ಹೊಂಡದಲ್ಲಿ ಏಣಿ ಹತ್ತುವವನಿಗೆ ಕಾಲುಬೆರಳು ಹೋದರೆ ಗಟ್ಟಿ ಇದ್ದಾನೆ ಎಂದು ಯಾರು ಬರೆದುಕೊಡುತ್ತಾರೆ, ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರಿಸುತ್ತಾರೆ, ನಾನು ಕೂರುವವನಲ್ಲ, ಹೀಗೆ. ಒಂದು ಬೆರಳು ಮಾರಾಯರೇ, ಒಂದು ಕಿರುಬೆರಳು ಎಂದು ರಸ್ತೆಯಲ್ಲೇ ಕೂಗಾಡಿದೆ.

ಆಮೇಲೆ ಒಂದು ಸಂಜೆ ನಗುತ್ತಾ ಬಂದರು. ಆಪರೇಷನ್ ಇಲ್ಲದೆ ವಾಸಿ ಮಾಡುವ ಕಡೆ ಹೋಗಿ ಬಂದರಂತೆ. ಅದೇನೋ ಕಷಾಯದಲ್ಲಿ ಕಾಲು ನೆನೆಸಿ, ಲೇಪ ಹಾಕಿ, ಬಾಟಲಿ ಏರಿಸಿದರಂತೆ. ದೊಡ್ಡಾಸ್ಪತ್ರೆಯ ಮಾತ್ರೆ ನಿಲ್ಲಿಸಲು ಹೇಳಿದ್ದಾರೆ. ಈಗ ದಿನ ಬಿಟ್ಟು ದಿನ ಹೋಗುತ್ತಾರೆ. ಆ ಲೇಪದ ವಾಸನೆಗೆ ನಾನು ಕಿಟಕಿ ತೆರೆದಿಟ್ಟೇ ಮಲಗುತ್ತೇನೆ.

ನೀನು ಬರೆಯುವ ಜಾಗ ಇದೇ ಅಲ್ಲ ತಾನೆ? ಹಸಿರು ಬೋರ್ಡು, ಅದರ ಮೇಲೆ ಬಿಳಿ ಹೆಜ್ಜೆಯ ಗುರುತು.

ಅಕ್ಕ

ಏಪ್ರಿಲ್ 16

ಅಕ್ಕಾ,

ಪತ್ರ ನೋಡಿದ ತಕ್ಷಣ ಫೋನು ಮಾಡಿದೆ, ನಿನಗೆ ಗೊತ್ತು. ನೀನು ಅಂಗಡಿಯಲ್ಲಿದ್ದೆ, ಭಾವನೇ ಎತ್ತಿಕೊಂಡರು. ಅಲ್ಲಿಗೆ ಹೋಗಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ ಎಂದೆ. 'ಯಾಕೆ ಸಾಹಿತಿಗಳೇ, ನಿಮಗೆ ಹೇಗೆ ಗೊತ್ತು?' ಎಂದು ಕೇಳಿದರು. ಅಂಥ ಜಾಗಗಳನ್ನು ನಂಬುವುದಕ್ಕಾಗುವುದಿಲ್ಲ ಎಂದೆ. 'ಒಬ್ಬರು ಹೇಳಿದ್ರೆ ನಾನೂ ನಂಬ್ತಿರಲಿಲ್ಲಪ್ಪ. ಎಷ್ಟು ಜನ ಬರೆದಿದಾರೆ ಗೊತ್ತಾ? ಒಬ್ಬೊಬ್ಬರದು ಒಂದೊಂದು ಥರ. ಅಷ್ಟೂ ಜನ ಸೇರ್ಕೊಂಡು ಸುಳ್ಳು ಹೇಳ್ತಾರಾ?' ಎಂದರು. ನಾನು ಮತ್ತೆ ಏನೋ ಹೇಳಲು ಹೋದೆ, ಲೈನು ಸರಿ ಇರಲಿಲ್ಲ.

ನಮ್ಮಲ್ಲಿ ಗಿರಾಕಿಗಳು ಬಹಳ, ಹಸಿರು ಬೋರ್ಡು ಇರುವವರೂ ಬಹಳ. ನಾನು ವಿಚಾರಿಸಿ ನೋಡುತ್ತೇನೆ. ಅಷ್ಟರಲ್ಲಿ ನೀನು ಹೇಗಾದರೂ ಮಾಡಿ ಆ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗು. ಆಗುತ್ತದಲ್ಲ?

ತಮ್ಮ

ಏಪ್ರಿಲ್ 24

ಲೋ,

ಲೈನು ಸರಿ ಇರಲಿಲ್ಲವೋ, ನೀನು ಸರಿ ಇರಲಿಲ್ಲವೋ?

ಇವರು ಸ್ನಾನಕ್ಕೆ ಹೋದಾಗ ಇವರ ಫೋನು ತೆಗೆದು ನೋಡಿದೆ. ಏನು ಕೇಳಿದ್ದರು ಎಂಬುದು ಅದರಲ್ಲೇ ಉಳಿದಿತ್ತು. 'ಸ್ವಾಮಿ ಕಾಲು ಕೊಯ್ಯದೆ ವಾಸಿ ಮಾಡೋರು ಯಾರಾದ್ರೂ ಇದಾರಾ.' ಅದರ ಕೆಳಗಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಸೈಟು. ಯಾವನೋ ತನ್ನ ಕಾಲಿನ ಕಥೆ ಬರೆದಿದ್ದಾನೆ, ನಡುವೆ ನೀಲಿ ಬಣ್ಣದಲ್ಲಿ ಅದೇ ಮಾತು, ಅಕ್ಷರಕ್ಕೆ ಅಕ್ಷರ, ಒಂದು 'ಸ್ವಾಮಿ' ಮಾತ್ರ ಇಲ್ಲ. ಒತ್ತಿದೆ. ಹಸಿರು ಬೋರ್ಡು ಬಂತು.

ಅದು ಇವರ ಬಾಯಿಂದ ಬಂದ ಮಾತು ಕಣೋ. ಊಟದ ಮೇಜಿನಲ್ಲಿ ನಗುತ್ತಾ ಹೇಳಿದ್ದು, ನಾನೇ ಬಿಲ್ಲಿನ ಹಿಂದೆ ಬರೆದು ನಿನಗೆ ಕಳಿಸಿದ್ದು. ನೀನು ಅದಕ್ಕೆ ನೀಲಿ ಬಳಿದು ತಿರುಗಿ ಇವರಿಗೇ ಕೊಟ್ಟೆ. ಇವರಿಗೆ ಆ ಆಟ ನೆನಪೇ ಇಲ್ಲ. ಇದನ್ನು ಎಲ್ಲಿ ನೋಡಿದಿರಿ ಎಂದು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ. 'ನೋಡೇ, ನನ್ನ ಹಾಗೇ ಹೆದರಿ, ನನ್ನ ಹಾಗೇ ಕೇಳಿದೋನು ಇನ್ನೊಬ್ಬನಿದ್ದ. ಅವನಿಗೆ ವಾಸಿ ಆಯ್ತಂತೆ' ಎಂದರು. ಎಷ್ಟು ಸಮಾಧಾನದ ಮುಖ ಗೊತ್ತಾ! ಅವರಿಗೆ ಜೊತೆಗೊಬ್ಬ ಸಿಕ್ಕಿದ್ದಾನೆ. ಆ ಜೊತೆಗಾರ ಅವರೇ.

ನಾನು ಹೇಳಿಬಿಡುತ್ತಿದ್ದೆ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾನು ಹೇಳಿದರೆ ಅವರು ನಂಬುವುದಿಲ್ಲ, ಬೆರಳು ಕೊಯ್ಸೋಕೆ ಕಥೆ ಕಟ್ಟುತ್ತಿದ್ದೀಯ ಎನ್ನುತ್ತಾರೆ. ಹೋದ ವಾರ ಪಕ್ಕದ ಮನೆಯವರ ಹತ್ತಿರ ಹೇಳಿಸಿದ್ದಕ್ಕೂ ಅದನ್ನೇ ಅಂದರು. ನಂಬಿದರೆ ನಿನ್ನ ಬಾಯಿಂದಲೇ ನಂಬಬೇಕು. ರೈಲೋ ಬಸ್ಸೋ ಹಿಡಿದು ಬಾ. ಎದುರಿಗೆ ಕೂತು, ನಾನೇ ಬರೆದಿದ್ದು ಭಾವ, ಅಲ್ಲಿ ಯಾರೂ ವಾಸಿ ಆಗಿಲ್ಲ ಎಂದು ಹೇಳು. ಈಗ ಎರಡನೆಯ ಬೆರಳೂ ಬಣ್ಣ ತಿರುಗಿದೆ.

ಅಕ್ಕ

ಮೇ 3

ಅಕ್ಕಾ,

ಹೌದು. ಅದೇ ಜಾಗ. ಹೌದು, ನಾನೇ. ಫೋನಿನ ಲೈನು ಚೆನ್ನಾಗಿಯೇ ಇತ್ತು.

ಬರುವುದಕ್ಕೆ ಮೊದಲು ಆ ಬರಹಗಳನ್ನು ಕಿತ್ತುಹಾಕಬೇಕು ಎಂದು ಕೂತೆ. ಭಾವ ತಿರುಗಿ ನೋಡಿದಾಗ ಅಲ್ಲೇನೂ ಇರಬಾರದು ಎಂದು ಲೆಕ್ಕ ಹಾಕಿದ್ದೆ. ನಮ್ಮ ಸೈಟುಗಳಲ್ಲಿದ್ದದ್ದನ್ನು ನಾಲ್ಕೈದು ಅಳಿಸುವಷ್ಟರಲ್ಲಿ ಜರಡಿಗೆ ಗೊತ್ತಾಯಿತು. ಎದುರಿಗೆ ನಿಲ್ಲಿಸಿಕೊಂಡ. ನನ್ನ ಭಾವನ ಕಾಲಿನ ವಿಷಯ ಹೇಳಿದೆ. ಅವನು ಕೆಟ್ಟವನ ಹಾಗೆ ಏನೂ ಮಾತಾಡಲಿಲ್ಲ. ನೀರು ಕೊಟ್ಟ, ಕೂತ್ಕೋ ಎಂದ. 'ನಾವು ಡಾಕ್ಟರುಗಳಲ್ಲಪ್ಪ. ದಾರಿ ತೋರಿಸೋರು. ಹೋಗೋದು ಬಿಡೋದು ಅವರವರ ಇಷ್ಟ' ಎಂದ. ಆಮೇಲೆ ನಾನು ಸಹಿ ಹಾಕಿದ ಕಾಗದ ತೋರಿಸಿ, ಹೊರಗೆ ಬಾಯಿಬಿಟ್ಟರೆ ಕೋರ್ಟಿಗೆ ಎಳೆಯುತ್ತೇವೆ ಎಂದ. ಅಳಿಸಿದ್ದನ್ನೆಲ್ಲ ಮಧ್ಯಾಹ್ನದೊಳಗೆ ಮತ್ತೆ ಏರಿಸಿದರು. ಉಳಿದವು ನಮ್ಮ ಕೈಯಲ್ಲೂ ಇಲ್ಲ. ಯಾರ್ಯಾರೋ ನಕಲು ಮಾಡಿ ಎಲ್ಲೆಲ್ಲೋ ಹಾಕಿಕೊಂಡಿದ್ದಾರೆ. ಆ ಸೈಟುಗಳವರಿಗೆ ಬರೆದೆ, ಒಬ್ಬನೂ ಉತ್ತರ ಕೊಡಲಿಲ್ಲ.

ನೀನು ಫೆಬ್ರವರಿಯಲ್ಲಿ ಕೇಳಿದ್ದೆ, ಹೋದವರು ಯಾರನ್ನಾದರೂ ನೋಡಿದ್ದೀಯಾ ಎಂದು. ನೋಡಿರಲಿಲ್ಲ. ಕೇಳಿಯೂ ಇರಲಿಲ್ಲ. ಉತ್ತರ ಬರೆಯದಿದ್ದದ್ದು ಅದಕ್ಕೇ.

ಈ ಶನಿವಾರ ಬರುತ್ತೇನೆ. ಖಂಡಿತ ಹೇಳುತ್ತೇನೆ.

ತಮ್ಮ

ಜೂನ್ 2

ಆ ಶನಿವಾರ ನೀನು ಬರಲಿಲ್ಲ, ಮುಂದಿನ ಶನಿವಾರವೂ ಬರಲಿಲ್ಲ. ಇವರು ಜ್ವರದಲ್ಲಿ ಅಡುಗೆಮನೆಯ ನೆಲಕ್ಕೆ ಬಿದ್ದ ಮೇಲೆ, ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಹೋದ ಮೇಲೆ, ಮೊಣಕಾಲಿನ ಕೆಳಗೆ ಕೊಯ್ದ ಮೇಲೆ ಬಂದೆ. ಅದೇ ಡಾಕ್ಟರಮ್ಮ. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನೀನು ಹಣ್ಣಿನ ಚೀಲ ಹಿಡಿದುಕೊಂಡು ಬಂದು ಇವರ ತಲೆಯ ಹತ್ತಿರ ಕೂತೆ. ಹೊದಿಕೆಯ ಕೆಳಗಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಇವರು ನಿನ್ನ ಕೈ ಹಿಡಿದುಕೊಂಡು, 'ನೀನು ಹೇಳಿದ್ದೆ, ನಾನೇ ಕೇಳಲಿಲ್ಲ' ಎಂದರು. ಬಾಗಿಲಲ್ಲಿ ನಿಂತಿದ್ದೆ ನಾನು. ಈಗ ಹೇಳುತ್ತಾನೆ ಎಂದು ಕಾದೆ. ನೀನು, 'ಪರವಾಗಿಲ್ಲ ಭಾವ' ಎಂದೆ. ಇವರನ್ನು ಕ್ಷಮಿಸಿ ಎದ್ದು ಹೋದೆಯಲ್ಲೋ! ನಾಚಿಕೆಯಾಗಲಿಲ್ಲವೇನೋ?

ಇವತ್ತು ಇವರ ಯೂನಿಫಾರಂ ಪ್ಯಾಂಟಿನ ಬಲಗಾಲು ಕತ್ತರಿಸಿ ಹೊಲಿಯಲು ಕೂತೆ. ಊರಿನವರ ಪ್ಯಾಂಟೆಲ್ಲ ಗಿಡ್ಡ ಮಾಡಿದ ಕೈ. ಕತ್ತರಿ ಮುಂದೆ ಹೋಗಲಿಲ್ಲ, ಪಕ್ಕದ ಮೆಷಿನ್ನಿನವಳು ಬಂದು ಹಿಡಿದುಕೊಂಡಳು.

ಸೋಂಕು ಇನ್ನೂ ರಕ್ತದಲ್ಲಿದೆಯಂತೆ. ಇವರು ನಿನಗೆ ಪತ್ರ ಬರೆಯಬೇಕು ಎಂದು ಕಾಗದ ಕೇಳಿದ್ದಾರೆ. ಯಾಕೆ ಎಂದು ನನಗೂ ಹೇಳುತ್ತಿಲ್ಲ.

ಅಕ್ಕ

ಜೂನ್ 15

ಸಾಹಿತಿಗಳಿಗೆ ನಮಸ್ಕಾರ.

ನಾನು ಪತ್ರ ಬರೆದು ಎಷ್ಟೋ ವರ್ಷ ಆಯ್ತು. ಮಾತಾಡಿದ ಹಾಗೇ ಬರೀತೀನಿ, ತಪ್ಪಿದ್ರೆ ತಿದ್ಕೊಳ್ಳಿ. ನಾನಿಲ್ಲಿ ಆರಾಮಾಗಿದೀನಿ ಅಂತ ಸುಳ್ಳು ಹೇಳಲ್ಲ. ಜ್ವರ ಬಿಡ್ತಿಲ್ಲ. ಇಲ್ಲದ ಕಾಲಿನ ಪಾದ ತುರಿಸ್ತದೆ, ಕೈ ಹಾಕಿದ್ರೆ ಬರೀ ಹಾಸಿಗೆ. ವಾರ್ಡಿನಲ್ಲಿ ಎಲ್ಲರಿಗೂ ಹಾಗೇ ಅಂತೆ, ಅದರಲ್ಲೇ ಒಂಚೂರು ನಗಾಡ್ತೀವಿ.

ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮಕ್ಕನಿಗೆ ಹೇಳಬೇಡಿ, ನಿನಗ್ಯಾಕೆ ಇದೆಲ್ಲ ಅಂತಾಳೆ. ಆ ಜಾಗದ ಬಗ್ಗೆ ಬರೆದೋರಲ್ಲಿ ಒಬ್ಬ ಹೆಂಗಸಿದ್ರು. ಬ್ರೆಡ್ ಮಾಡೋ ಕಡೆ ಭಟ್ಟಿ ಮುಂದೆ ನಿಂತು ಕೆಲಸ ಮಾಡ್ತಾರಂತೆ. ಹಿಮ್ಮಡಿಯಲ್ಲಿ ಗಾಯ. ಅದು ಕಪ್ಪಾಗಿ ಗೆಣ್ಣಿನವರೆಗೆ ಬಂದಿತ್ತು, ಕಪ್ಪಾಗೋದು ಒಳ್ಳೇ ಲಕ್ಷಣ, ಕೆಟ್ಟದ್ದೆಲ್ಲ ಹೊರಗೆ ಬರ್ತಿದೆ ಅಂತ ಅಲ್ಲಿಯವರು ಧೈರ್ಯ ಹೇಳಿದ್ರು, ಈಗ ಮಗಳ ಮದುವೆಯಲ್ಲಿ ಓಡಾಡ್ತೀನಿ ಅನ್ನೋ ನಂಬಿಕೆ ಬಂದಿದೆ ಅಂತ ಬರೆದಿದ್ರು. ಅದನ್ನ ಎಷ್ಟು ಸಲ ಓದಿದೀನೋ. ನನಗೂ ಅವರು ಅದೇ ಮಾತು ಹೇಳಿದ್ರು, ಕಪ್ಪಾದ್ರೆ ಒಳ್ಳೇದು ಅಂತ.

ಈಗ ಇಲ್ಲಿ ಮಲಗಿ ಯೋಚನೆ ಬರುತ್ತೆ. ನನ್ನ ಕಾಲೇ ಹೀಗಾದ ಮೇಲೆ ಆಯಮ್ಮನ ಕಾಲು ಏನಾಗಿರಬೇಕು? ಪಾಪ, ಇನ್ನೂ ನಂಬ್ಕೊಂಡು ಲೇಪ ಹಚ್ಕೊಳ್ತಾ ಕೂತಿರಬಹುದು. ನನಗೆ ನಿಮ್ಮಕ್ಕ ಇದ್ದಳು ಬೈಯೋಕೆ, ಅವರಿಗೆ ಯಾರಿದಾರೋ. ನಿಮಗೆ ಇಂಟರ್ನೆಟ್ಟಿನ ಒಳಗೆಲ್ಲ ಗೊತ್ತಲ್ಲ, ಯಾರು ಬರೆದಿದ್ದು ಅಂತ ಹುಡುಕ್ಬಹುದಲ್ಲ? ಹುಡುಕಿ ಹೇಳಿ. ಲಿಫ್ಟ್ ರಿಪೇರಿ ಮಾಡೋನೊಬ್ಬ ಹೇಳಿ ಕಳಿಸಿದಾನೆ, ತಡ ಮಾಡಬೇಡಿ, ಡಾಕ್ಟರು ಕೊಯ್ಯಬೇಕು ಅಂದಷ್ಟು ಕೊಟ್ಟು ಉಳಿದಿದ್ದು ಉಳಿಸ್ಕೊಳ್ಳಿ ಅಂತ. ಸ್ಕೂಲ್ ವ್ಯಾನ್ ಓಡಿಸೋನೂ ಒಬ್ಬನಿದ್ದ, ಅವನು ಸಿಕ್ಕಿದ್ರೆ ಅವನಿಗೂ. ಆದ್ರೆ ಮೊದಲು ಆಯಮ್ಮನಿಗೆ.

ಬೇಗ ಬರೀರಿ. ದಿನಾ ಕೇಳ್ತಿರ್ತೀನಿ.

ಇಂತಿ ನಿಮ್ಮ ಭಾವ

ಜೂನ್ 28

ಭಾವ,

ಆ ಹೆಂಗಸು ಇಲ್ಲ.

ಇದನ್ನು ಬರೆಯಲು ಎಷ್ಟು ಕಾಗದ ಹರಿದೆ ಎಂದು ನಿಮಗೆ ಹೇಳುವುದರಲ್ಲಿ ಅರ್ಥವಿಲ್ಲ. ನೀವು ಹೇಳಿ ಕಳಿಸಿದ ಮಾತು ತಲುಪಿಸಲು ಅವರು ಇಲ್ಲ, ಇರಲೇ ಇಲ್ಲ. ಅವರನ್ನು ಬರೆದವನು ನಾನು. ಒಂದು ಮಧ್ಯಾಹ್ನ ಆಫೀಸಿನ ಮೇಜಿನ ಮೇಲೆ ಅರ್ಧ ತಿಂದ ಬ್ರೆಡ್ ಇತ್ತು, ಅದಕ್ಕೇ ಅವರಿಗೆ ಭಟ್ಟಿಯ ಕೆಲಸ ಕೊಟ್ಟೆ. ಕಿಟಕಿಯಿಂದ ಸ್ಕೂಲ್ ವ್ಯಾನು ಕಾಣುತ್ತಿತ್ತು, ಡ್ರೈವರ್ ಹುಟ್ಟಿದ. ಮಗಳ ಮದುವೆ ಇರಲಿ, ಓದುವವರಿಗೆ ಕರುಳು ಚುರುಕ್ ಎನ್ನಬೇಕು ಎಂದು ಸೇರಿಸಿದೆ. ಕಪ್ಪಾಗುವುದು ಒಳ್ಳೆಯದು ಎಂಬ ಮಾತನ್ನು ಆ ಕೇಂದ್ರದವರು ಬರೆದು ಕಳಿಸಿದ್ದರು, ಅದು ನಿಜವೇ ಎಂದು ನಾನು ಯಾರನ್ನೂ ಕೇಳಲಿಲ್ಲ. ಒಬ್ಬೊಬ್ಬರದು ಒಂದೊಂದು ಥರ ಎಂದು ಫೋನಿನಲ್ಲಿ ಹೇಳಿದಿರಲ್ಲ, ಹಾಗೆ ಕಾಣಬೇಕು ಎಂದೇ ಒಂದೊಂದು ಥರ ಬರೆದದ್ದು. ನೀವು ಕಂಡ ಅಷ್ಟೂ ಜನ ನಾನೊಬ್ಬನೇ.

ಕಾಲು ಕೊಯ್ಯದೆ ವಾಸಿ ಮಾಡೋರು ಯಾರಾದರೂ ಇದ್ದಾರಾ ಎಂದು ಕೇಳಿದವನೊಬ್ಬ ಮಾತ್ರ ನಿಜವಾದ ಮನುಷ್ಯ. ಅದು ನೀವು ಹೇಳಿದ ಮಾತು. ಊಟದ ಮೇಜಿನಲ್ಲಿ ಹೇಳಿದ್ದಿರಿ, ಅಕ್ಕ ನನಗೆ ಕಳಿಸಿದಳು. ಅವಳಿಗೆ ಅದು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿರಲಿಲ್ಲ. ಅವಳ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ಏಪ್ರಿಲ್‌ನಲ್ಲಿ ಫೋನಿನಲ್ಲಿ ಹೇಳಬೇಕಿತ್ತು. ಆಗ ಹೇಳಿದ್ದರೆ ಒಂದೆರಡು ಬೆರಳಿಗೇ ಮುಗಿಯುತ್ತಿತ್ತು. ಆಸ್ಪತ್ರೆಯಲ್ಲಿ ನೀವು ಕೈ ಹಿಡಿದುಕೊಂಡಾಗ ಹೇಳಬೇಕಿತ್ತು. ಕೆಲಸ ಹೋಗುತ್ತದೆ ಎಂದು ಹೆದರಿದೆ, ಕೋರ್ಟಿಗೆ ಹೆದರಿದೆ. ಎಲ್ಲಕ್ಕಿಂತ ಹೆಚ್ಚಾಗಿ, ನೀವು ನನ್ನನ್ನು ಸಾಹಿತಿಗಳೇ ಎಂದು ಕರೆಯುವುದನ್ನು ನಿಲ್ಲಿಸಿಬಿಡುತ್ತೀರಿ ಎಂದು ಹೆದರಿದೆ.

ಕೆಲಸ ಬಿಟ್ಟೆ. ನಾನು ಬರೆದದ್ದನ್ನೆಲ್ಲ ಒಪ್ಪಿಕೊಂಡು ಆರೋಗ್ಯ ಇಲಾಖೆಗೆ ಬರೆದುಕೊಟ್ಟಿದ್ದೇನೆ. ನನ್ನ ಕುರ್ಚಿಯಲ್ಲಿ ಈಗ ಬೇರೆ ಯಾರೋ ಕೂತು ಬರೆಯುತ್ತಿದ್ದಾರೆ. ಇವತ್ತು ಬೆಳಿಗ್ಗೆಯೂ ಹುಡುಕಿ ನೋಡಿದೆ, ಆ ಜಾಗವೇ ಮೊದಲು ಬರುತ್ತದೆ.

ಉಗಿಯುವುದಿದ್ದರೆ ಉಗಿಯಿರಿ. ನೀವು ಬರಬೇಡ ಎನ್ನುವವರೆಗೆ ನಾನು ಬರುತ್ತಲೇ ಇರುತ್ತೇನೆ.

ನಿಮ್ಮ ಹೆಂಡತಿಯ ತಮ್ಮ

ಜುಲೈ 12

ತಮ್ಮಾ,

ನಿನಗೆ ಫೋನಿನಲ್ಲಿ ಸುದ್ದಿ ಹೇಳಿದ್ದು ಪಕ್ಕದ ಮನೆಯವರು. ನಾನೇ ಹೇಳಬಹುದಿತ್ತು, ನಿನ್ನ ದನಿ ಕೇಳಲು ಮನಸ್ಸಾಗಲಿಲ್ಲ. ಮಣ್ಣಿಗೆ ಬಂದೆ, ದೂರ ನಿಂತೆ, ಹೋದೆ. ಮಾತಾಡಿಸಲು ಬರಲಿಲ್ಲ, ಅದೊಂದು ಒಳ್ಳೆಯದು ಮಾಡಿದೆ. ಇನ್ನು ನಾನಾಗಿ ಕರೆಯುವವರೆಗೆ ಬರಬೇಡ. ಕರೆಯುತ್ತೇನೋ ಇಲ್ಲವೋ ಗೊತ್ತಿಲ್ಲ. ಮೇಜಿನಲ್ಲಿ ನಗುತ್ತಾ ಬರೆದುಕೊಂಡ ಈ ಕೈಯನ್ನೇ ಇನ್ನೂ ಕ್ಷಮಿಸಲಾಗಿಲ್ಲ ನನಗೆ, ನಿನ್ನ ಸರದಿ ಯಾವಾಗಲೋ.

ನಿನ್ನ ಪತ್ರದ ವಿಷಯ ಹೇಳಬೇಕು. ಭಾವ ಓದಿದರೋ ಇಲ್ಲವೋ ಎಂದು ನೀನು ಕುದಿಯುತ್ತಿರುತ್ತೀಯ. ಕುದಿ ಎಂದು ಬಿಟ್ಟುಬಿಡಬಹುದಿತ್ತು.

ಅದು ಬಂದ ದಿನ ಇವರಿಗೆ ಕಣ್ಣು ತೆರೆಯುವುದೇ ಕಷ್ಟವಾಗಿತ್ತು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಹತ್ತಿರದವರಿಗೆಲ್ಲ ತಿಳಿಸಿ ಎಂದಿದ್ದರು. ಆದರೂ 'ಸಾಹಿತಿಗಳ ಉತ್ತರ ಬಂತಾ?' ಎಂದು ಎಚ್ಚರವಾದಾಗಲೆಲ್ಲ ಕೇಳುವುದು ಮಾತ್ರ ನಿಲ್ಲಲಿಲ್ಲ. ಏನು ಕೇಳಿದ್ದರು ಎಂದು ನನಗೆ ಗೊತ್ತಿರಲಿಲ್ಲವಲ್ಲ. ವಾರ್ಡಿನ ಹೊರಗಿನ ಬೆಂಚಿನ ಹತ್ತಿರ ನಿಂತು ಒಡೆದು ಓದಿದೆ. ಓದಿದ ಮೇಲೆ ಗೊತ್ತಾಯಿತು. ನಿಜ ಬರೆದಿದ್ದೆ ನೀನು, ಒಂದು ಸಾಲೂ ನುಣುಚಿಕೊಳ್ಳದೆ ಬರೆದಿದ್ದೆ. ನಾನು ಕೇಳಿದ್ದೂ ಅದನ್ನೇ. ಒಳಗೆ ಹೋಗಿ ಓದಿ ಹೇಳಬೇಕು ಎಂದೇ ಹೋದೆ.

'ಸಿಕ್ಕಿದ್ರಾ ಆಯಮ್ಮ?' ಎಂದರು.

ಸಿಕ್ಕಿದರು ಎಂದೆ.

'ಕಾಲು?'

ಕಿರುಬೆರಳು ತೆಗೆದರಂತೆ, ಕಾಲು ಉಳಿದಿದೆಯಂತೆ, ನೀವು ಹೇಳಿ ಕಳಿಸಿದ್ದಕ್ಕೇ ಆಸ್ಪತ್ರೆಗೆ ಹೋದರಂತೆ ಎಂದೆ. ಎಷ್ಟು ಸಲೀಸಾಗಿ ಬಂತು ಗೊತ್ತಾ! ಗಾಯ ಹಿಮ್ಮಡಿಯಲ್ಲಿತ್ತು ಎಂದು ಆಮೇಲೆ ಇವರ ಫೋನಿನಲ್ಲಿ ಓದಿದೆ, ನಿನ್ನ ಪತ್ರದಲ್ಲಿ ಅದು ಇರಲಿಲ್ಲ, ನಾನು ಬೆರಳು ಎಂದುಬಿಟ್ಟೆ. ಅವರು ತಿದ್ದಲಿಲ್ಲ. ಹೆಸರೇನಂತೆ ಎಂದು ಕೇಳಿದರು. ಅಮ್ಮನ ಹೆಸರು ಹೇಳಿದೆ. ಮದುವೆ ಎಂದು ಏನೋ ಗೊಣಗಿದರು, ಮದುವೆ ಚೆನ್ನಾಗಿ ಆಯಿತಂತೆ, ಕುಣಿದರಂತೆ ಎಂದೆ.

ನಕ್ಕರು. ನನ್ನ ಕೈ ಒತ್ತಿದರು. 'ಒಬ್ಬರಾದ್ರೂ ಉಳಿದ್ರಲ್ಲ' ಎಂದರು. ಆಮೇಲೆ ಮಾತಾಡಲಿಲ್ಲ.

ಅಕ್ಕ